ಕುಜಿಯನ್ನು ಕೊಟ್ಟು ನಿನ್ನನ್ನು ತರುವುದೇ?

ಹಮಾಸಾಕಿ ಬಂದರು
ನವೆಂಬರ್ ೧೮

ಅಜ್ಜಿಯ ಕಾಗದಗಳನ್ನೆಲ್ಲ ನುಂಗಿ ನೀರು ಕುಡಿದ ಶಿಂಗೊನಿಗೆ,

ಕೈಗೆ ಲಕ್ವ ಹೊಡೆದಿದೆಯೇನೋ? ಬಾಣದಂತೆ ಬರುವ ಚೆಂಡು ಹಿಡಿಯುವ ಕೈಗೆ ಒಂದು ಪೆನ್ನು ಹಿಡಿಯಲಾಗುವುದಿಲ್ಲವೇ? ರಾಜಧಾನಿಯ ತಂಡಕ್ಕೆ ಕ್ಯಾಚರ್ ಆದವನು ಅಜ್ಜಿಗೆ ಉತ್ತರ ಬರೆಯಬಾರದೆಂದು ಕಾನೂನಿದೆಯೇ? ಕೂತು ಓದು. ಹೇಗೂ ಕುಕ್ಕರಗಾಲಲ್ಲಿ ಕೂರುವುದೇ ನಿನ್ನ ಕಸುಬು.

ಈ ವರ್ಷದ ಬೇಸ್‌ಬಾಲ್ ಮುಗಿದರೂ ಇಲ್ಲಿ ಯಾರ ಬಾಯಿಗೂ ರಜೆಯಿಲ್ಲ. ಗೊನ್‌ಜೊನ ಕ್ಷೌರದಂಗಡಿಯ ಸೀಮೆಎಣ್ಣೆ ಒಲೆಯ ಸುತ್ತ ಬೆಳಗಿನಿಂದಲೇ ಸಭೆ. ನಮ್ಮ ಕಡಲಹಕ್ಕಿ ತಂಡ ಈ ಚಳಿಗಾಲ ಯಾರನ್ನು ತರಬೇಕು, ಯಾರನ್ನು ಬಿಡಬೇಕು ಎಂದು ತೀರ್ಮಾನಿಸುವವರು ಅವರೇ. ನಾನೂ ಒಣಮೀನು ಸುಡುತ್ತಾ ಅಲ್ಲೇ ಕೂರುತ್ತೇನೆ. ಎಡಗೈಯಲ್ಲಿ ಚೆಂಡೆಸೆಯುವ ಪಿಚರ್ ಒಬ್ಬ ಸಿಗಲಿ ಎಂದು ಗುಡ್ಡದ ಗುಡಿಯಲ್ಲಿ ಬೇಡಿಕೊಂಡು ಬಂದವಳು ನಾನು. ಅವರ ಬಾಯಲ್ಲಿ ಮಾತ್ರ ನಿನ್ನದೇ ಜಪ. ಇಷ್ಟು ವರ್ಷ ಆಡಿದ್ದಕ್ಕೆ, ಬೇಕಾದ ತಂಡ ಆರಿಸಿಕೊಳ್ಳುವ ಹಕ್ಕು ನಿನಗೀಗ ಬಂದಿದೆಯಲ್ಲ. ಗೊನ್‌ಜೊ ಕತ್ತರಿ ಎತ್ತಿ, "ತೊಮಿ ಅಜ್ಜಿ, ನಿನ್ ಮೊಮ್ಮಗನ್ನ ಊರಿಗೆ ಕರ್ಸಿಬಿಡು. ಕಪ್ಪು ನಮ್ದೇ!" ಎಂದ. "ಮೊದ್ಲು ಆ ಗಿರಾಕಿದು ಇನ್ನೊಂದ್ ಕಡೆ ಕೂದ್ಲು ಕತ್ತರ್ಸೋ" ಎಂದೆ.

ಒಂದು ಮಾತನ್ನು ಮಾತ್ರ ಯಾರೂ ಆಡಲಿಲ್ಲ. ನಿನ್ನನ್ನು ತಂದರೆ, ನಿಯಮದಂತೆ ಬದಲಿಗೆ ನಿನ್ನ ತಂಡ ನಮ್ಮವನೊಬ್ಬನನ್ನು ಎತ್ತಿಕೊಂಡು ಹೋಗುತ್ತದೆ. ಇವರನ್ನು ಕೊಡುವುದಿಲ್ಲ ಎಂದು ನಮ್ಮವರು ಕೆಲವರನ್ನು ಕಾಯ್ದಿರಿಸಬಹುದು, ಆದರೆ ಎಲ್ಲರನ್ನೂ ಅಲ್ಲ. ಕ್ಯಾಚರನ್ನು ಕಳೆದುಕೊಂಡವರು ಕ್ಯಾಚರನ್ನೇ ಕೇಳುತ್ತಾರೆ. ನೀನು ಬಂದ ಮೇಲೆ, ಭುಜ ನೋಯಿಸಿಕೊಂಡು ಅರ್ಧ ವರ್ಷ ಆಡದೆ ಕೂತ ನಮ್ಮ ಕ್ಯಾಚರ್ ಕುಜಿಯನ್ನು ಯಾರು ಕಾಯ್ದಿರಿಸುತ್ತಾರೆ?

ಕುಜಿಯ ಆಟ ನೀನು ಎದುರು ತಂಡದಿಂದ ನೋಡಿದ್ದೀಯೆ, ನಾನು ಅವನ ಬೆನ್ನ ಹಿಂದಿನ ಗ್ಯಾಲರಿಯಿಂದ. ಗಂಟಲಿಗೆ ಚೆಂಡು ಬಡಿದ ದಿನವೂ ಒಂದು ಗುಟುಕು ನೀರು ಕುಡಿದು ಮತ್ತೆ ಕೂತವನು. ಹೊಸ ಪಿಚರ್ ಹೆದರಿ ಬೆವರಿದರೆ ಹತ್ತಿರ ಹೋಗಿ, ಬಾಯಿಗೆ ಕೈಗವಸು ಅಡ್ಡ ಹಿಡಿದು ಏನೋ ಹೇಳುತ್ತಾನೆ. ಪಿಚರ್ ನಗುತ್ತಾನೆ. ಆಮೇಲೆ ಚೆಂಡು ನೆಟ್ಟಗೆ ಬರುತ್ತದೆ. ಏನು ಮಂತ್ರವೋ ಅದು ಎಂದು ಒಮ್ಮೆ ಕೇಳಿಯೇಬಿಟ್ಟೆ. "ಮಂತ್ರ ಏನಿಲ್ಲ ಅಜ್ಜಿ, ರಾತ್ರಿ ಊಟಕ್ಕೆ ಏನ್ ಮಾಡ್ಸಣ ಅಂತ ಕೇಳ್ತೀನಿ" ಎಂದ. ಆ ವಯಸ್ಸಲ್ಲಿ ನಿನಗೆ ಇಷ್ಟು ಬುದ್ಧಿ ಇರಲಿಲ್ಲ.

ಮೊನ್ನೆ ಅವನೇ ಮನೆಗೆ ಬಂದ. ಹೊಸ್ತಿಲಲ್ಲೇ ಮಂಡಿಯೂರಿ ನೆಲಕ್ಕೆ ಹಣೆ ಮುಟ್ಟಿಸಿದ. "ಅಜ್ಜಿ, ಶಿಂಗೊ ಅಣ್ಣಂಗೆ ಬಾ ಅಂತ ಬರೀರಿ. ತಂಡಕ್ಕೆ ಅವ್ರು ಬೇಕು. ನಾನು ಎಲ್ಲಿಗಾದ್ರೂ ಹೋಗ್ತೀನಿ" ಎಂದ. "ಹೋಗಕ್ಕೆ ಇಷ್ಟ ಇದ್ಯೇನೋ ನಿಂಗೆ?" ಎಂದೆ. ಒಲೆಯಲ್ಲಿ ಎಣ್ಣೆ ಮುಗಿದದ್ದು ನೋಡಿ, ಡಬ್ಬ ಎತ್ತಿಕೊಂಡು ಹೊರಗೆ ಹೋದ. ತುಂಬಿಸಿ ತರಲು ಬಹಳ ಹೊತ್ತು ಹಿಡಿಯಿತು. ಕಣ್ಣು ಕೆಂಪಗಿತ್ತು. "ಹೊರ್ಗಡೆ ವಿಪರೀತ ಗಾಳಿ ಅಜ್ಜಿ" ಎಂದ. ಅವತ್ತು ಎಲೆಯೂ ಅಲುಗಿರಲಿಲ್ಲ.

ಇಂಥವನನ್ನು ಕೊಟ್ಟು ನಿನ್ನನ್ನು ತರುವುದೇ? ನಿನ್ನ ಆಟಕ್ಕೆ ಊರೇ ಬೀಗುತ್ತದೆ, ನಾನೂ ಯಾರಿಗೂ ಕಾಣದಂತೆ ಬೀಗುತ್ತೇನೆ. ಆದರೆ ಈ ಚಳಿಗಾಲ ಬರಬೇಡ. ನಿನ್ನ ಸವೆದ ಮಂಡಿ ನೋಡಿದರೆ ಮುಂದಿನ ವರ್ಷ ನಿನ್ನ ತಂಡವೇ ನಿನ್ನನ್ನು ಬಿಟ್ಟುಬಿಡುತ್ತದೆ. ಬಿಟ್ಟವನನ್ನು ಕರೆತಂದರೆ ಬದಲಿಗೆ ಯಾರನ್ನೂ ಕೊಡಬೇಕಿಲ್ಲ. ಆಗ ಬಾ. ಕುಜಿ ಆಡಲಿ, ಅವನ ಭುಜ ನೊಂದ ದಿನ ಅವನ ಜಾಗದಲ್ಲಿ ನೀನು ಕೂರು.

ಬೈದರೂ ನಿನ್ನವಳೇ,
ತೊಮಿ ಅಜ್ಜಿ

ಇನ್ನೊಂದು ಮಾತು: ಗೊನ್‌ಜೊ ಕತ್ತರಿ ಎತ್ತಿದ ಮರುದಿನವೇ ನಿನ್ನ ಹಾಸಿಗೆಯನ್ನು ಮಹಡಿಯ ಕಪಾಟಿನಿಂದ ಇಳಿಸಿ ಬಿಸಿಲಿಗೆ ಹಾಕಿದ್ದೆ. ಕುಜಿ ಬಂದು ಹೋದ ಮೇಲೆ ಕರ್ಪೂರವಿಟ್ಟು ಮಡಿಸಿ ಮತ್ತೆ ಕಪಾಟಿಗೆ ಸೇರಿಸಿದೆ. ಒಂದು ವರ್ಷಕ್ಕೆ ಅದೇನೂ ಹಾಳಾಗುವುದಿಲ್ಲ. ಎಂಬತ್ತಮೂರಾದರೂ ನಾನೂ ಅಷ್ಟು ಬೇಗ ಹಾಳಾಗುವವಳಲ್ಲ. ಡಿಸೆಂಬರ್ ಹುಟ್ಟುವ ಮೊದಲು ಉತ್ತರ ಬರೆ.