ಅಂಟುವಾಳದ ಮೂರನೆಯ ಟ್ರೇ

ಬನಶಂಕರಿ ಎರಡನೇ ಹಂತ,
ಬೆಂಗಳೂರು
18-7-1984

ಚಿ. ಅಲಮೇಲುವಿಗೆ ಅಮ್ಮನ ಆಶೀರ್ವಾದ. ಇಲ್ಲಿ ನಾವಿಬ್ಬರೂ ಕ್ಷೇಮ. ಕ್ಷೇಮವಾಗಿಲ್ಲದ್ದು ನಿನ್ನ ಮೂರನೆಯ ಟ್ರೇ ಒಂದೇ. ಮೊದಲೇ ಹೇಳಿಬಿಡುತ್ತೇನೆ, ಕೆಡಿಸಿದವಳು ನಾನು.

ಅರಣ್ಯ ವಿಜ್ಞಾನದ ಎಂ.ಎಸ್ಸಿ.ಗೆಂದು ರಜೆ ಮುಗಿಸಿ ಡೆಹ್ರಾಡೂನಿಗೆ ಹೊರಡುವಾಗ, ಹಿತ್ತಲಲ್ಲಿ ಮೂರು ಟ್ರೇಗಳಿಗೆ ಐವತ್ತೈವತ್ತು ಅಂಟುವಾಳದ ಬೀಜ ಹಾಕಿ, ದಿನಾ ಮೊಳಕೆ ಎಣಿಸಿ ಬರೆದಿಡು ಎಂದು ನನಗೆ ಒಪ್ಪಿಸಿದ್ದೆ. ಒಂದು ಬಿಸಿನೀರಲ್ಲಿ ನೆನೆಸಿದ್ದು, ಇನ್ನೊಂದು ಸಗಣಿ ನೀರಲ್ಲಿ. ಮೂರನೆಯದಕ್ಕೆ ಯಾವ ಉಪಚಾರವೂ ಇಲ್ಲ, ಬರೀ ನಲ್ಲಿ ನೀರು; ಉಳಿದೆರಡನ್ನು ಹೋಲಿಸಿ ನೋಡಲು ಅದೇ ಆಧಾರ ಅಂದಿದ್ದೆ. ನಾನೂ ತಲೆಯಾಡಿಸಿದ್ದೆ. ಆದರೆ ಹದಿನೈದು ದಿನ ಕಳೆದರೂ ಅದೊಂದು ಬೋಳಾಗಿಯೇ ಇತ್ತು. ಪಕ್ಕದವಕ್ಕೆ ಹಬ್ಬದೂಟ, ಇದಕ್ಕೆ ಬರೀ ನೀರು! ಮೂವತ್ತು ವರ್ಷ ಬಡಿಸಿದ ಕೈ ನನ್ನದು, ಪಂಕ್ತಿಭೇದ ಹೇಗೆ ಮಾಡಲಿ ಹೇಳು. ಅಕ್ಕಿ ತೊಳೆದ ನೀರನ್ನು ದಿನಾ ಅದಕ್ಕೇ ಸುರಿದೆ. ಹೂವಿನ ಮುನಿವೆಂಕಟಮ್ಮ ಬೇರೆ, "ಹುಯ್ಯಿ ಅಮ್ಮಾ, ಪಾಪ, ಅದೇನ್ ತಪ್ ಮಾಡೈತೆ" ಅಂದಳು. ಈಗ ಅದರಲ್ಲಿ ನಲವತ್ತೊಂದು ಮೊಳಕೆ. ನಿನ್ನ ಸಗಣಿ ನೀರಿನದು ಮೂವತ್ತಾರಕ್ಕೇ ನಿಂತಿದೆ. ಒಂದು ಗಳಿಗೆ ಬೀಗಿದೆ, ಆಮೇಲೆ ನೀನು ಅದೇ ಆಧಾರ ಅಂದದ್ದು ನೆನಪಾಯಿತು.

ನಿಮ್ಮಪ್ಪ "ಯಾರಿಗ್ ಗೊತ್ತಾಗತ್ತೆ ಬಿಡೇ, ಹತ್ತು ಅಂತ ಬರೆದು ಕಳಿಸು" ಅಂದರು. ಓದು ಬೇಗ ಮುಗಿಸಿ ನಿನ್ನ ಮದುವೆ ಮಾಡಿಬಿಡುವ ಅವರ ಅವಸರ ನಿನಗೆ ಗೊತ್ತೇ ಇದೆ. ಪದ್ಮನಾಭನಗರದ ತಿರುಮಲೇಶನ ಮನೆಯವರು ಬರುವ ವೈಶಾಖದವರೆಗೆ ಮಾತ್ರ ಕಾಯುತ್ತೇವೆ, ಮದುವೆಯಾದ ಮೇಲೆ ಹುಡುಗಿ ಕಾಡುಮೇಡು ಅಲೆಯುವುದು ಬೇಡ ಎಂದು ಕೂತಿದ್ದರಲ್ಲ. ನನಗೆ ಸುಳ್ಳು ಬರೆಯಲು ಕೈ ಬರಲಿಲ್ಲ. ಹೊಸಕೆರೆಹಳ್ಳಿ ಕೆರೆಯ ಹತ್ತಿರ ಬಿಸಿಲಲ್ಲಿ ಕೂತು ನೀನು ಒಂದೊಂದಾಗಿ ಆರಿಸಿದ ಬೀಜ ಅವು.

ಹಾರ್ಲಿಕ್ಸ್ ಬಾಟಲಿಯಲ್ಲಿ ನೀನು ಉಳಿಸಿಟ್ಟಿದ್ದ ಬೀಜದಿಂದ ಸೋಮವಾರ ಮೂರೂ ಟ್ರೇಗಳನ್ನು ಹೊಸದಾಗಿ ಹಾಕಿದ್ದೇನೆ. ಅಕ್ಕಿ ತೊಳೆದ ನೀರು ಇನ್ನು ಕರಿಬೇವಿಗೆ. ಹಳೆಯ ಸಸಿಗಳನ್ನು ಎಸೆಯಲು ಮನಸ್ಸಾಗದೆ ಡಾಲ್ಡಾ ಡಬ್ಬಗಳಲ್ಲಿ ನೆಟ್ಟಿದ್ದೇನೆ, ಕಾಂಪೌಂಡಿನುದ್ದಕ್ಕೂ ಅವೇ.

ಪ್ರಯೋಗ ಕೆಟ್ಟಿದೆ, ಓದು ಮುಂದಕ್ಕೆ ಹೋಗುತ್ತದೆ ಎಂದು ತಿರುಮಲೇಶನ ಮನೆಗೆ ಹೇಳಿಕಳಿಸಿದೆ. ಅವರು ಬೇರೆ ಸಂಬಂಧ ನೋಡುತ್ತಿದ್ದಾರಂತೆ. ನಿಮ್ಮಪ್ಪ ಎರಡು ದಿನ ಮುಖ ಊದಿಸಿಕೊಂಡಿದ್ದರು. ನಿನ್ನೆ ನೋಡಿದರೆ ಕನ್ನಡಕ ಏರಿಸಿಕೊಂಡು ಟ್ರೇ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದಾರೆ. ನನಗಂತೂ ಬೇಸರವಿಲ್ಲ, ಸಂತೋಷವೇ ಆಯಿತು. ಸಾಲ್ ಮರಗಳ ಕಾಡಿನ ಬಗ್ಗೆ ನೀನು ಬರೆದದ್ದನ್ನು ನಾಲ್ಕು ಸಲ ಓದಿದ್ದೇನೆ. ನಿನ್ನನ್ನು ಅಲ್ಲಿಂದ ಕರೆತರುವುದೆಂದರೆ ಉಣ್ಣುತ್ತಿರುವವಳನ್ನು ಎಲೆಯ ಮುಂದಿನಿಂದ ಎಬ್ಬಿಸಿದ ಹಾಗೆ.

ಮಳೆಯಲ್ಲಿ ತಲೆ ನೆನೆಸಿಕೊಳ್ಳಬೇಡ.

ತಪ್ಪೊಪ್ಪಿಕೊಂಡಿರುವ ನಿನ್ನ ಅಮ್ಮ,
ಸೀತಮ್ಮ

ವಿ.ಸೂ.: ಹೊಸ ಬೀಜಕ್ಕೆ ನಲವತ್ತು ದಿನ ಸಾಕು, ನಿನ್ನ ಪ್ರಬಂಧಕ್ಕೆ ತಡವೇನೂ ಆಗದು, ಅದು ನನಗೆ ಗೊತ್ತು. ತಿರುಮಲೇಶನ ಮನೆಯವರಿಗೆ ಎರಡು ವರ್ಷ ತಡ ಅಂದಿದ್ದೇನೆ. ನಿಮ್ಮಪ್ಪನಿಗೂ ಅಷ್ಟೇ. ಪಿಎಚ್.ಡಿ. ಆಸೆಯೆಂದು ಬರೆದಿದ್ದೆಯಲ್ಲ, ಅರ್ಜಿ ಹಾಕು. ಉತ್ತರ ಬರೆಯುವಾಗ ಮಾತ್ರ ನನ್ನ ಲೆಕ್ಕ ತಿದ್ದಲು ಹೋಗಬೇಡ. ನಿನ್ನ ಕಾಗದವನ್ನು ಮೊದಲು ಒಡೆಯುವವರು ಅವರೇ.