ಬಿಳಿ ಪುಡಿಯ ಮೇಲಿನ ಕೆಂಪು ಗೆರೆ

ಹಿಲ್ಸ್‌ಬರೋ, ಆಕ್ಲೆಂಡ್
ಶನಿವಾರ, ೪ ಅಕ್ಟೋಬರ್ ೨೦೨೫, ಮಧ್ಯಾಹ್ನ

ಹ್ಯಾಮಿಲ್ಟನ್ ಮಹಾಸಭೆಯ ಅಧ್ಯಕ್ಷೆಯೂ ಕಾರ್ಯದರ್ಶಿಯೂ ಏಕೈಕ ಸದಸ್ಯೆಯೂ ಆದ ಶ್ರೀಮತಿ ರುದ್ರಾಣಿಯವರೇ, ವೇದಿಕೆಯನ್ನು ಅಲಂಕರಿಸಿರುವ ಕುಕ್ಕರ್, ಮಿಕ್ಸರ್ ಮೊದಲಾದ ಗಣ್ಯರೇ,

ನಮಸ್ಕಾರ. ಎರಡು ವರ್ಷದಿಂದ ಬೇರೆ ಊರಿನಲ್ಲಿರುವ ಹೆಂಡತಿಗೆ ಗಂಡ ಕಾಗದ ಬರೆಯುವಾಗ ಭಾಷಣದಿಂದಲೇ ಆರಂಭಿಸಬೇಕೆಂಬ ನಿಯಮವೇನೂ ಇಲ್ಲ. ಆದರೆ ನೇರ ಮಾತಿಗೆ ಬಾಯಿ ಬರದಿದ್ದಾಗ ನನಗೊಂದು ಮೈಕು ಬೇಕಾಗುತ್ತದೆ. ಇದು ನಿನಗೆ ಹೊಸದಲ್ಲ.

ಇಂದಿನ ಉಪನ್ಯಾಸದ ವಿಷಯ: ಕಾರು ಮಾರುವವರಿಗೆ ಕಾರು ಓಟದಲ್ಲಿ ಏನು ಕೆಲಸ? ಮೊದಲು ಅಂಗಡಿಯಲ್ಲಿ ಮಾರುವ ಕಾರನ್ನೇ ತಂದು ಓಡಿಸುತ್ತಿದ್ದರಂತೆ. ಸ್ಟಾಕ್ ಕಾರ್ ಎಂಬ ಹೆಸರು ಬಂದದ್ದು ಹಾಗೆ. ಈಗ ನಮ್ಮ ಸುಪುತ್ರಿ ಸ್ನೇಹಲ್ ಓಡಿಸುವ ಸ್ಪೋರ್ಟ್ಸ್ ಕಾರಿಗೂ ಶೋರೂಮಿನ ಕಾರಿಗೂ ಇರುವ ನೆಂಟಸ್ತನ ಮುಂದಿನ ದೀಪದಷ್ಟು, ಆ ದೀಪವೂ ಸ್ಟಿಕ್ಕರು. ಆದರೂ ಭಾನುವಾರ ಆ ಮುಖದ ಕಾರು ಗೆದ್ದರೆ ಸೋಮವಾರ ಅದೇ ಮುಖದ ಹೊಸ ಮಾಡೆಲ್ಲಿನ ಮೇಲಿಂದ ಪರದೆ ಸರಿಯುತ್ತದೆ. ಪರದೆಗೆ ಆಗಲೇ ಇಸ್ತ್ರಿಯಾಗಿದೆ.

ಆ ಕಾರು ಕಂಪನಿ ನಮ್ಮ ತಂಡದೊಡನೆ ಮಾಡಿಕೊಂಡಿರುವ ಒಪ್ಪಂದವನ್ನು ನಾನು ಓದಿದ್ದೇನೆ. ಗೆಲುವಿನ ಪ್ರಚಾರ ಅವರದು. ಅಪಘಾತವಾದರೆ ಮಾತ್ರ ನಮ್ಮದು ಖಾಸಗಿ ತಂಡ, ಅವರಿಗೂ ನಮಗೂ ಸಂಬಂಧವಿಲ್ಲ. ಇದಕ್ಕೆ ನಾನೊಂದು ಪ್ರಾಸ ಕಟ್ಟಿದ್ದೆ: ಗೆದ್ದರೆ ಕಂಪನಿ, ಬಿದ್ದರೆ ಕಂಬನಿ. ಬುಧವಾರದ ತನಕ ಪೆನ್‌ರೋಸಿನ ನಮ್ಮ ತಂಡದ ವರ್ಕ್‌ಶಾಪಿನಲ್ಲಿ ಇದನ್ನು ಹೇಳಿಕೊಂಡು ನಗುತ್ತಿದ್ದೆ.

ಎರಡು ವರ್ಷದ ಹಿಂದೆ ಓಟದಲ್ಲಿ ಸ್ನೇಹಲ್ ಭುಜದ ಮೂಳೆ ಮುರಿದುಕೊಂಡಾಗ ನೀನು ಆಸ್ಪತ್ರೆಯ ಕಾರಿಡಾರಿನಲ್ಲಿ ಅಂದದ್ದು ನೆನಪಿದೆ. “ಒಂಬತ್ತ ವರ್ಷದ ಕೂಸಿನ್ನ ಒಯ್ದು ಆ ಸಣ್ಣ ಕಾರಿನ್ಯಾಗ ಕುಂದ್ರಿಸಿದವರು ನೀವು. ನಿಮ್ಮ ಹುಚ್ಚಿಗೆ ಅಕೀ ಜೀವಾ ಯಾಕ ಒತ್ತೀ ಇಡತೀರಿ?” ಆಗ ನಾನು ಎದೆ ತಟ್ಟಿ ಮಾತು ಕೊಟ್ಟೆ: “ಅಕೀ ಕಾರಿನ ಒಂದೊಂದು ತುಂಡೂ ನನ್ನ ಕೈ ದಾಟಿ ಹೋಗತೈತಿ, ನೀ ಅಂಜಬ್ಯಾಡ.” ನೀನು ಹ್ಯಾಮಿಲ್ಟನ್‌ಗೆ ಹೋದೆ. ಮಾತು ಇಲ್ಲೇ ಉಳಿಯಿತು.

ನನ್ನ ಕೈ ದಾಟುವುದೆಂದರೆ ಏನೆಂದು ನೀನು ಯಾವತ್ತೂ ಕೇಳಲಿಲ್ಲ. ಲೋಹದ ತುಂಡಿಗೆ ಕೆಂಪು ದ್ರವ ಸಿಂಪಡಿಸಿ ಸ್ವಲ್ಪ ಹೊತ್ತು ಬಿಡುತ್ತೇನೆ. ಒರೆಸಿ, ಮೇಲೆ ಬಿಳಿ ಪುಡಿ ಹೊಡೆಯುತ್ತೇನೆ. ಕಣ್ಣಿಗೆ ಕಾಣದ ಬಿರುಕಿದ್ದರೆ ಅದರೊಳಗೆ ಅವಿತ ಕೆಂಪು ಬಿಳಿಯ ಮೇಲೆ ಗೆರೆಯಾಗಿ ಏಳುತ್ತದೆ. ಗೆರೆ ಎದ್ದರೆ ತುಂಡು ಕಸಕ್ಕೆ. ಏಳದಿದ್ದರೆ, ಕಾರಿಗೆ ಜೋಡಿಸಬಹುದು ಎಂಬ ಹಳದಿ ಚೀಟಿಗೆ ನನ್ನ ಸಹಿ.

ಬುಧವಾರ ಆಯುಧಪೂಜೆ. ಪ್ರತಿ ವರ್ಷದಂತೆ ಬೆಳಿಗ್ಗೆ ಬೆಂಚಿನ ಮೇಲಿದ್ದ ಬಿಡಿಭಾಗಗಳಿಗೆಲ್ಲ ವಿಭೂತಿ ಹಚ್ಚಿ, ಊದಿನಕಡ್ಡಿ ಬೆಳಗಿ, ಹೊರಗೆ ಪಾರ್ಕಿಂಗಿನಲ್ಲಿ ಕಾಯಿ ಒಡೆದೆ. ಕೊಬ್ಬರಿ ಚೂರಿಗಾಗಿ ಇಡೀ ವರ್ಕ್‌ಶಾಪು ಭಕ್ತಿಯಿಂದ ಸಾಲು ನಿಂತಿತು. ಮಧ್ಯಾಹ್ನ ಸ್ನೇಹಲ್ ಕಾರಿನ ಎಡ ಮುಂಚಕ್ರವನ್ನು ಹಿಡಿದುಕೊಳ್ಳುವ ತುಂಡನ್ನು ಪರೀಕ್ಷೆಗೆ ಇಟ್ಟೆ. ಬಿಳಿಯ ಮೇಲೆ ಗೆರೆ ಎದ್ದಿತು. ಉಗುರಿನಷ್ಟು ಉದ್ದ, ಕೂದಲಿನಷ್ಟು ಸಣ್ಣ.

ಬಾಗಿಲಲ್ಲಿ ಕಂಪನಿಯ ದೊಡ್ಡ ಮನುಷ್ಯ ಗಡಿಯಾರ ನೋಡುತ್ತಿದ್ದ. ನಾಲ್ಕಕ್ಕೆ ಟ್ರಕ್ ಹೊರಡಬೇಕು. ಬದಲಿ ತುಂಡು ಬರಲು ಹತ್ತು ದಿನ. ಮುಂದಿನ ವರ್ಷ ಕಂಪನಿಯ ಸ್ವಂತ ತಂಡಕ್ಕೆ ಯಾರನ್ನು ತೆಗೆದುಕೊಳ್ಳುವುದೆಂದು ಅವನು ಇದೇ ಭಾನುವಾರದ ಓಟ ನೋಡಿ ತೀರ್ಮಾನಿಸುತ್ತಾನೆ. ಇದು ನನಗೆ ಗೊತ್ತಿತ್ತು, ಸ್ನೇಹಲ್‌ಗೂ ಗೊತ್ತಿತ್ತು.

ಮುಖ್ಯ ಮೆಕ್ಯಾನಿಕ್ ನಮ್ಮ ಮೈಸೂರಿನ ಜಯಂತ. ನನ್ನ ಭುಜದ ಮೇಲಿಂದ ಬಗ್ಗಿ ನೋಡಿದ. “ಅಣ್ಣಾ, ಅದು ಕುಂಕುಮ ಅಲ್ವಾ? ಬೆಳಿಗ್ಗೆ ತಾನೇ ಪೂಜೆ ಮಾಡಿದ್ರಿ!” ಕಂಪನಿಯವನು ಏನೆಂದು ಕೇಳಿದ. ಜಯಂತ ಇಂಗ್ಲಿಷಿನಲ್ಲಿ, ಇದು ಇವರ ದೇವರ ಪುಡಿ ಎಂದು ವಿವರಿಸಿದ. ಅವನು ಗೌರವದಿಂದ ಒಂದು ಹೆಜ್ಜೆ ಹಿಂದೆ ಸರಿದ. ಈ ದೇಶದಲ್ಲಿ ಯಾರೂ ಇನ್ನೊಬ್ಬರ ದೇವರನ್ನು ಪ್ರಶ್ನಿಸುವುದಿಲ್ಲ. ಒಳ್ಳೆಯ ಗುಣ, ಅಡಗಿಕೊಳ್ಳಲು ಇನ್ನೂ ಒಳ್ಳೆಯ ಜಾಗ.

ಜಯಂತ ಮತ್ತೆ ಕೇಳಿದ, “ಹೇಳಿ ಅಣ್ಣಾ, ಕುಂಕುಮ ತಾನೇ?”

“ಹೂಂ, ಇರಬೇಕು” ಎಂದೆ. ಒರೆಸಿದೆ. ತೊಳೆದು ಇನ್ನೊಮ್ಮೆ ಪರೀಕ್ಷಿಸಬೇಕಿತ್ತು, ಒಂದು ತಾಸಿನ ಕೆಲಸ. ಸಹಿ ಹಾಕಿದೆ.

ನಿನ್ನೆ ಪ್ರಾಕ್ಟೀಸ್ ಮುಗಿಸಿ ಸ್ನೇಹಲ್ ಫೋನ್ ಮಾಡಿದ್ದಳು. ಬಲಕ್ಕೆ ಜೋರಾಗಿ ತಿರುಗಿಸಿದರೆ ಎಡ ಮುಂಚಕ್ರದ ಕಡೆಯಿಂದ ಏನೋ ಕಟಕಟ ಎನ್ನುತ್ತದಂತೆ. ನಾನು ಉಸಿರಾಡುವುದರೊಳಗೆ ಅವಳೇ ಅಂದಳು: “ಇಟ್ಸ್ ಆಲ್ ಗುಡ್, ಪಪ್ಪಾ. ಯು ಚೆಕ್ಡ್ ಇಟ್, ಏ?” ನಾನು ಕನ್ನಡದಲ್ಲಿ ಊಟವಾಯಿತೇ ಎಂದು ಕೇಳಿದೆ. ಆಯಿತು ಎಂದು ಇಂಗ್ಲಿಷಿನಲ್ಲಿ ಹೇಳಿ ಫೋನ್ ಇಟ್ಟಳು. ಆಗಿನಿಂದ ನೀರಿನ ಪೈಪು ಕಟಕಟ ಎಂದರೂ ಎದ್ದು ಕೂರುತ್ತೇನೆ.

ಇವತ್ತು ಕಂಪನಿಯವರು ಫೋಟೋ ತೆಗೆಯುವ ದಿನ, ಕಾರು ನಿಂತಲ್ಲೇ ಇರುತ್ತದೆ. ಟ್ರ್ಯಾಕು ನಿನ್ನ ಊರಿಗೇ ಹತ್ತಿರ, ಮಗಳು ಸಂಜೆ ನಿನ್ನಲ್ಲಿಗೆ ಬಂದು ಮಲಗುತ್ತಾಳೆ. ನಾಳೆ ಬೆಳಿಗ್ಗೆ ಎಂಟಕ್ಕೆ ಕಾರು ಟ್ರ್ಯಾಕಿಗಿಳಿಯುತ್ತದೆ.

ಆದ್ದರಿಂದ ಮಾನ್ಯ ಸಭಿಕರೇ, ಪೂಜೆಯ ಕುಂಕುಮದಿಂದ ಪರೀಕ್ಷೆಯಲ್ಲಿ ಚಿಕ್ಕದೊಂದು ಗೊಂದಲವಾಯಿತು, ಅಷ್ಟೇ. ಇಂಥವು ನಡೆಯುತ್ತಿರುತ್ತವೆ. ಬರುವ ವರ್ಷ ಬೆಂಚಿನಿಂದ ದೂರದಲ್ಲಿ ಪೂಜೆ ಮಾಡೋಣ ಎಂದು ಸೂಚಿಸುತ್ತಾ, ಇಷ್ಟು ಹೊತ್ತು ಶಾಂತಚಿತ್ತರಾಗಿ ಕುಳಿತ ತಮಗೆಲ್ಲ ವಂದನೆಗಳನ್ನು

ಅದು ಕುಂಕುಮವಲ್ಲ, ರುದ್ರಾಣಿ.

ನಾನು ಹಚ್ಚಿದ್ದು ಬರೀ ವಿಭೂತಿ. ಕುಂಕುಮದ ಭರಣಿಯನ್ನು ನೀನು ಹೋಗುವಾಗ ಒಯ್ದೆ. ಆಮೇಲೆ ಈ ಮನೆಯೊಳಗೆ ಕುಂಕುಮ ಬಂದಿಲ್ಲ. ಜಯಂತ ಅಂದದ್ದು ಊಹೆ. ನಾನು ಹೂಂ ಅಂದದ್ದು ಸುಳ್ಳು. ಸೀಟು ಮಗಳದು, ಆಸೆ ನನ್ನದು.

ನಿನ್ನ
ನಂದೀಶ

ಮರೆತ ಮಾತು: ಅಂಚೆಗೆ ಹಾಕಿದರೆ ಇದು ನಿನಗೆ ಮಂಗಳವಾರ ಮುಟ್ಟುತ್ತದೆ. ಗೊತ್ತಿದ್ದೇ ಫೋನು ಬಿಟ್ಟು ಕಾಗದ ಹಿಡಿದೆ, ಸ್ಟ್ಯಾಂಪೂ ಹಚ್ಚಿದೆ. ಈಗ ಹಾಳೆಗಳ ಫೋಟೋ ತೆಗೆದು ಕಳಿಸುತ್ತಿದ್ದೇನೆ. ಈ ಕೊನೆಯ ಹಾಳೆ ಮೊದಲು ಓದು. ಜಯಂತನಿಗೆ ಫೋನ್ ಮಾಡಿದೆ. “ಸೈನ್ ಆಗಿರೋದನ್ನ ಬಿಚ್ಚಕ್ಕೆ ಕಂಪನಿಯವರು ಬಿಡಲ್ಲ ಅಣ್ಣಾ, ಕುಂಕುಮ ಅಂತ ಒಪ್ಕೊಂಡಿದ್ದು ನೀವೇ” ಎಂದು ಇಟ್ಟುಬಿಟ್ಟ. ಪಂದ್ಯದ ತಪಾಸಣೆಯವರ ಮುಂದೆ ಬರೆದುಕೊಡಲು ಹೊರಟಿದ್ದೇನೆ. ನನ್ನಲ್ಲಿ ಕುಂಕುಮ ಇರಲಿಲ್ಲ ಎಂಬುದಕ್ಕೆ ಈ ದೇಶದಲ್ಲಿ ನೀನೊಬ್ಬಳೇ ಸಾಕ್ಷಿ. ಭರಣಿ ತಗೊಂಡು ಈಗಲೇ ಟ್ರ್ಯಾಕಿನ ಗೇಟಿಗೆ ಬಾ. ಸ್ನೇಹಲ್‌ಗೆ ನೀನು ಹೇಳಬೇಡ, ಅದನ್ನು ನಾನೇ ಹೇಳಬೇಕು.