ಹೆಲ್ಮೆಟ್ಟಿನಲ್ಲಿ ತಂಗಡಿ ಹೂ

ಮಧುಗಿರಿ
೯ ಫೆಬ್ರವರಿ ೨೦೨೫

ಪ್ರೀತಿಯ ಅತ್ತೆಯವರಿಗೆ,

ನಿಮ್ಮ ಸೊಸೆ ಗಂಗಾಂಬಿಕಾಳ ನಮಸ್ಕಾರ. ರಾಯಚರ್ಲಿನಲ್ಲಿ ನೀವು, ಮೈದುನ ನರಸಿಂಹರಾಜು, ಮಕ್ಕಳು ಎಲ್ಲರೂ ಚೆನ್ನಾಗಿದ್ದೀರಿ ತಾನೆ? ಮಂಡಿನೋವು ಹೇಗಿದೆ? ನನ್ನ ಚಿತ್ರಪ್ರದರ್ಶನ ಮುಗಿದ ಮಾರನೆಯ ದಿನವೇ ಬರೆಯಬೇಕೆಂದಿದ್ದೆ. ಅಷ್ಟರಲ್ಲಿ ಶಾಲೆಯ ವಾರ್ಷಿಕೋತ್ಸವ ಬಂತು. ಡ್ರಾಯಿಂಗ್ ಮೇಡಂ ಎಂದರೆ ಸ್ಟೇಜಿನ ಪರದೆಯಿಂದ ಹಿಡಿದು ಮಕ್ಕಳ ಮೀಸೆಯವರೆಗೆ ಎಲ್ಲಕ್ಕೂ ನಾನೇ. ತಡವಾಯಿತು, ಬೇಸರ ಮಾಡಿಕೊಳ್ಳಬೇಡಿ. ಫೋನ್ ಮಾಡಬಹುದಿತ್ತಲ್ಲ ಎನ್ನುತ್ತೀರಿ. ನೀವು "ಉಂಡೇನಮ್ಮ" ಅಂದ ಕೂಡಲೇ ನಾನು ಹೇಳಬೇಕಾದದ್ದನ್ನೆಲ್ಲ ಬಿಟ್ಟು ಸಾರು ಪಲ್ಯದ ಮಾತಿಗೆ ಇಳಿದುಬಿಡುತ್ತೇನೆ.

ಸುದ್ದಿ ಹೇಳುತ್ತೇನೆ. ಹೆಲ್ಮೆಟ್ಟಿನ ಚಿತ್ರವನ್ನು ತುಮಕೂರಿನ ಒಂದು ಕಾಲೇಜಿನವರು ತಮ್ಮ ಲೈಬ್ರರಿಗೆಂದು ತೆಗೆದುಕೊಂಡರು. ಪೇಪರಿನಲ್ಲಿ ನನ್ನ ಹೆಸರು ಬಂದಿದ್ದನ್ನು ನಿಮ್ಮ ಮೊಮ್ಮಗಳು ಅನುಷಾ ಇಡೀ ಕ್ಲಾಸಿಗೆ ತೋರಿಸಿಕೊಂಡು ಬಂದಳು. ಕಾಗುಣಿತ ತಪ್ಪಾಗಿತ್ತು, ಅವಳೇ ಪೆನ್ನಿನಿಂದ ತಿದ್ದಿದ್ದಾಳೆ.

ಇನ್ನು ನಿಮಗೆ ಗೊತ್ತಿರುವುದನ್ನೇ ಬರೆಯುತ್ತೇನೆ. ಆಗ ನಿಮಗೆ ಒಂದು ಒಳ್ಳೆಯ ಮಾತೂ ಹೇಳಿರಲಿಲ್ಲ, ಅದಕ್ಕೆ.

ಇವರು ಸೋಲಾರ್ ಪಾರ್ಕಿನಲ್ಲಿ ಕೆಲಸ ಮಾಡುತ್ತಲೇ ಎದೆ ಹಿಡಿದುಕೊಂಡು ಕುಸಿದು ಮತ್ತೆ ಏಳದೆ ಹೋದ ಮೇಲೆ, ಅವರ ಹಳದಿ ಹೆಲ್ಮೆಟ್ಟು, ಊಟದ ಕ್ಯಾರಿಯರು ಈ ಮನೆಗೆ ಬಂದವು. ಅವನ್ನು ಅಟ್ಟಕ್ಕೆ ಹಾಕಿ, ಬಣ್ಣದ ಟ್ಯೂಬುಗಳನ್ನೂ ಅಲ್ಲೇ ಎಸೆದೆ. ಒಂದು ವರ್ಷ ಬ್ರಷ್ ಮುಟ್ಟಲಿಲ್ಲ. ಆಗ ನೀವು ಪಾವಗಡದ ಬಸ್ಸಿಳಿದು, ಕಂಕುಳಲ್ಲಿ ತಂಗಡಿ ಹೂವಿನ ಕೊಂಬೆಗಳನ್ನು ಅವುಚಿಕೊಂಡು ಬಂದಿರಿ. ರಸ್ತೆ ಬದಿಯ ಹಳದಿ ಹೂ, ದೇವರಿಗೂ ಅಲ್ಲ, ಮುಡಿಗೂ ಅಲ್ಲ. ಸ್ಟೀಲ್ ಚೊಂಬಿಗೆ ನೀರು ಹಾಕಿ, ಕೊಂಬೆ ಸಿಕ್ಕಿಸಿ, ನನ್ನ ಮುಂದಿಟ್ಟಿರಿ.

"ಏಮ್ಮಾ ಗಂಗಾ, ಇದ್ನ ಬರಿ."

"ಆಗಲ್ಲ ಅತ್ತೆ."

"ಆಗ್ದಿದ್ರೆ ಬುಡು. ಸುಮ್ಕೆ ನೋಡ್ತಾ ಕೂತ್ಕೋ. ನಾನು ಅಡುಗೆ ಮಾಡ್ತೀನಿ."

ಎದುರುಮನೆಯ ಶಿವರುದ್ರಮ್ಮನವರು ಬಾಗಿಲಲ್ಲಿ ನಿಂತು, "ಈ ಮನೇಲಿ ಈಗ ಹೂ ಯಾಕಮ್ಮ?" ಎಂದಾಗ ನಾನು ತಲೆ ತಗ್ಗಿಸಿದೆ. ನೀವು ಒಲೆಯ ಹತ್ತಿರದಿಂದಲೇ ಹೇಳಿದಿರಿ: "ನಂಗೂ ಗಂಡ ಇಲ್ದೆ ಎಷ್ಟೋ ವರ್ಷ ಆತು ಕಣಮ್ಮ. ನಮ್ಮನೆ ಗಿಡ ಹೂ ಬುಡೋದ್ನ ನಿಲ್ಸಿಲ್ಲ. ಬಾ, ಒಳಗ್ ಬಾ, ಕಾಫಿ ಕುಡಿ." ಅವರು ಕುಡಿದೇ ಹೋದರು. ಈಗ ಅವರ ಹಿತ್ತಲಿನ ಕನಕಾಂಬರವನ್ನು ಅವರೇ ತಂದುಕೊಡುತ್ತಾರೆ, "ಇದು ಚಿತ್ರಕ್ಕಾಗುತ್ತಾ ನೋಡು" ಎಂದು.

ಆ ದಿನ ಸಂಜೆ ಅಟ್ಟ ಹತ್ತಿದೆ. ಹೆಲ್ಮೆಟ್ಟನ್ನು ತಿರುವಿಟ್ಟು ಅದರೊಳಗೆ ಹೂವಿಟ್ಟೆ. ಹಳದಿಯ ಮೇಲೆ ಹಳದಿ. ಎರಡನ್ನೂ ಬೇರೆ ಮಾಡಿ ತೋರಿಸುವುದಕ್ಕೇ ವಾರ ಹಿಡಿಯಿತು, ಅಷ್ಟರಲ್ಲಿ ಹೂ ಉದುರತೊಡಗಿತು. ಉದುರಿದ್ದನ್ನು ಉದುರಿದಂತೆಯೇ ಬರೆದೆ. ಬೇಸಿಗೆ ರಜೆಯಲ್ಲಿ ಅನುಷಾಳನ್ನು ನೀವು ಕರೆದುಕೊಂಡು ಹೋದಿರಿ. ಮಗಳನ್ನು ಕಳಿಸಿ ಬಣ್ಣ ಬಳಿಯುತ್ತಾ ಕೂತಿದ್ದಾಳೆ ಎಂದು ನನ್ನ ತವರಿನವರೇ ಆಡಿಕೊಂಡಾಗ, "ನಾನೇ ಕರ್ಕೊಂಡ್ ಹೋಗಿದ್ದು" ಎಂದು ಅವರ ಬಾಯಿ ಮುಚ್ಚಿಸಿದಿರಿ. ಕ್ಯಾರಿಯರಿನ ಪಕ್ಕದ ತುಂಬೆ, ಟೀ ಲೋಟದಲ್ಲಿನ ಸೇವಂತಿಗೆ, ಎಲ್ಲ ಚಿತ್ರಗಳೂ ಆ ರಜೆಯಲ್ಲಿ ಆದವು.

ಪ್ರದರ್ಶನದ ದಿನ ಒಬ್ಬ ಯುವಕ ಹೆಲ್ಮೆಟ್ಟಿನ ಚಿತ್ರದ ಮುಂದೆ ನಿಂತು, ಇದು ದುಡಿಮೆಯ ಸಂಕೇತ, ಉದುರಿದ ಹೂ ಸಾವಿನ ಸಂಕೇತ ಎಂದು ಗೆಳೆಯರಿಗೆ ವಿವರಿಸುತ್ತಿದ್ದ. ತಪ್ಪೇನಲ್ಲ, ಚೆನ್ನಾಗಿಯೇ ಹೇಳಿದ. ನೀವು ಅವನ ಮಾತು ಮುಗಿಯುವವರೆಗೂ ಕಾದು, ಕನ್ನಡಕ ಏರಿಸಿ ನನ್ನನ್ನು ಕೇಳಿದಿರಿ:

"ಹೆಲ್ಮೆಟ್ಗೆ ತೂತು ಐತಲ್ಲಮ್ಮ, ನೀರು ನಿಂತದಾ?"

"ಒಳಗೆ ನಿಮ್ಮ ಚೊಂಬು ಇಟ್ಟಿದ್ದೆ ಅತ್ತೆ. ಚಿತ್ರದಲ್ಲಿ ಕಾಣಲ್ಲ."

"ಅಂಗಾರೆ ಸರಿ," ಅಂದಿರಿ. ಆಮೇಲೆ ನನ್ನ ಕೈ ಹಿಡಿದುಕೊಂಡೇ ಉಳಿದ ಚಿತ್ರಗಳನ್ನು ನೋಡಿದಿರಿ. ಅವತ್ತು ಬಂದವರೆಲ್ಲ ನನ್ನನ್ನು ಹೊಗಳಿದರು. ನನಗೆ ನೆನಪಿರುವುದು ಆ ಕೈ.

ಅತ್ತೆ, ನಾನು ಮತ್ತೆ ಬ್ರಷ್ ಹಿಡಿದದ್ದು ನಿಮ್ಮಿಂದ. ಇದನ್ನು ಎದುರಿಗೆ ಹೇಳಿದರೆ "ಸಾಕು ಬುಡಮ್ಮ" ಎಂದು ಎದ್ದು ಹೋಗುತ್ತೀರಿ. ಕಾಗದದಲ್ಲಿ ಎದ್ದು ಹೋಗಲಾರಿರಿ. ನಿಮ್ಮ ಆಯಸ್ಸು ಗಟ್ಟಿಯಾಗಿರಲಿ, ಅನುಷಾಳ ಮಕ್ಕಳನ್ನೂ ನೀವೇ ಬೈದು ಬೆಳೆಸಿ. ನಮ್ಮಿಬ್ಬರನ್ನೂ ಹರಸಿ.

ನಿಮ್ಮ ಸೊಸೆ,
ಗಂಗಾಂಬಿಕಾ

ಮರೆತ ಮಾತು: ಮರೆತಿರಲಿಲ್ಲ. ಕಾಗದ ಮಡಿಸಿ ಮತ್ತೆ ಬಿಚ್ಚಿದ್ದೇನೆ. ಈ ವರ್ಷದ ಪೂಜೆಗೆ ಅಣ್ಣನ ಮುಖದ ಚಿತ್ರ ಬರೆದುಕೊಡಿ ಎಂದು ನರಸಿಂಹರಾಜು ಕೇಳುತ್ತಲೇ ಇದ್ದಾನೆ, ನಾನು ನೆಪ ಹೇಳುತ್ತಲೇ ಇದ್ದೇನೆ. ಫೋಟೋಗಳು ಬೇಕಾದಷ್ಟಿವೆ. ಎಲ್ಲದರಲ್ಲೂ ಕ್ಯಾಮೆರಾಕ್ಕೆ ನಿಂತ ಮುಖ. ಪ್ರತಿ ಶನಿವಾರ ಪಾರ್ಕಿನ ಕೆಲಸ ಮುಗಿಸಿ ಮನೆಗೆ ಬಂದು, ಬಾಗಿಲಲ್ಲಿ ಶೂ ಬಿಚ್ಚುತ್ತಾ ಒಳಗೆ ನನ್ನ ಕಡೆ ನೋಡಿ ನಗುತ್ತಿದ್ದರಲ್ಲ, ಆ ಮುಖ ನನಗೆ ಬರುತ್ತಿಲ್ಲ. ಕಣ್ಣು ಮುಚ್ಚಿದರೂ ಬರುತ್ತಿಲ್ಲ. ಮುಖ ಬಾರದೆ ಹೋದದ್ದಕ್ಕೇ ನಾನು ಇಷ್ಟೂ ಹೂ ಬರೆದದ್ದು. ಯಾರಿಗೂ ಹೇಳಿಲ್ಲ. ನೀವು ಹೆತ್ತವರು, ನಿಮಗೆ ಮರೆತಿರಲಾರದು. ಬಂದಾಗ ನನ್ನ ಪಕ್ಕದಲ್ಲಿ ಕೂತು ಹೇಳಿ ಅತ್ತೆ, ನಗುವಾಗ ಅವರ ಕಣ್ಣು ಹೇಗಾಗುತ್ತಿತ್ತು?